ಕಿರಿದಾದ ಜಠರಕ್ಕೆ ಎಷ್ಟು ಹೊತ್ತಿಗೊಮ್ಮೆ ಆಹಾರ?

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿಗೆ ಪ್ರವಾಸ ಹೋಗುವ ವಿದ್ಯಾರ್ಥಿಗಳು ಕವಿಶೈಲವನ್ನು ಏರಿ ಇಳಿದ ಮೇಲೆ ಕವಿಮನೆಯನ್ನು ಹೊಕ್ಕು ನೋಡುವುದುಂಟು. ಕುವೆಂಪು ಅವರ ಮನೆತನದ ಆ ದೊಡ್ಡ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಜೋಡಿಸಿಟ್ಟಿರುವ ಹಳೆಯ ಪಾತ್ರೆ ಪಡಗಗಳನ್ನು ಕಂಡವರಿಗೆ ಹಿಂದಿನ ಮಲೆನಾಡಿನ ಊಟದ ಪ್ರಮಾಣ ಎಂಥದಿದ್ದಿತೆಂಬುದು ಸುಲಭವಾಗಿ ಊಹೆಗೆ ಬರುತ್ತದೆ. ಗದ್ದೆ ತೋಟಗಳಲ್ಲಿ ಬೆಳಗಿನಿಂದ ಬೈಗಿನವರೆಗೆ ದುಡಿಯುತ್ತಿದ್ದ ದೇಹಕ್ಕೆ ಅಷ್ಟು ಆಹಾರವೂ ಬೇಕಾಗಿದ್ದಿತು. ಇಂದು ದುಡಿಮೆಯನ್ನು ಯಂತ್ರಗಳು ಹಂಚಿಕೊಂಡಿವೆ. ಊಟ ಮಾತ್ರ ಅದಕ್ಕೆ ತಕ್ಕಂತೆ ತಗ್ಗಿಲ್ಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೫ರಿಂದ ೪೯ ವರ್ಷದೊಳಗಿನ ಸ್ತ್ರೀಯರಲ್ಲಿಯೂ ಪುರುಷರಲ್ಲಿಯೂ ನೂರಕ್ಕೆ ಸುಮಾರು ೩೦ ಮಂದಿ ಮಿತಿಮೀರಿದ ತೂಕದವರು.

ಇವರಲ್ಲಿ ಕೆಲವರು ಪಥ್ಯ, ವ್ಯಾಯಾಮ, ಔಷಧ ಯಾವುದರಿಂದಲೂ ಫಲ ಕಾಣದೆ ಕೊನೆಗೆ ಶಸ್ತ್ರವೈದ್ಯರ ಬಳಿಗೆ ಹೋಗುತ್ತಾರೆ. ಇದಕ್ಕೊಂದು ಅಳತೆಗೋಲು ಉಂಟು. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ದೇಹತೂಕ ಸೂಚ್ಯಂಕ. ೧.೬ ಮೀಟರ್ ಎತ್ತರದ, ೯೦ ಕಿಲೋಗ್ರಾಂ ತೂಕದ ವ್ಯಕ್ತಿಗೆ ಇದು ೩೫ಕ್ಕೆ ತುಸು ಮೇಲಾಗುತ್ತದೆ. ಈ ಸಂಖ್ಯೆ ೩೫ ಅಥವಾ ಅದಕ್ಕೂ ಹೆಚ್ಚಾಗಿರುವವರಿಗೆ ಶಸ್ತ್ರಚಿಕಿತ್ಸೆಯನ್ನು ಸೂಚಿಸಬಹುದೆಂದೂ, ಏಷ್ಯದ ಜನರ ವಿಷಯದಲ್ಲಿ ೨೭.೫ರಿಂದಲೇ ಅದನ್ನು ಯೋಚಿಸಬಹುದೆಂದೂ ಅಮೆರಿಕದ ಹಾಗೂ ಅಂತಾರಾಷ್ಟ್ರೀಯ ಶಸ್ತ್ರವೈದ್ಯ ಸಂಘಗಳು ೨೦೨೨ರಲ್ಲಿ ತಿಳಿಸಿವೆ. ಬೆಂಗಳೂರು ಮಂಗಳೂರುಗಳಂಥ ನಗರಗಳಲ್ಲಿ ಈ ಚಿಕಿತ್ಸೆ ಈಗ ಅಪರೂಪವಲ್ಲ. ಮಲೆನಾಡಿನವರೂ ಘಾಟಿಯಿಳಿದೋ ಬಯಲುಸೀಮೆಯನ್ನು ದಾಟಿಯೋ ಹೋಗಿ ಇದನ್ನು ಮಾಡಿಸಿಕೊಂಡು ಊರಿಗೆ ಮರಳಬಹುದು. ಮರಳಿದ ಮೇಲೆ ಮನೆಯವರ ಮೊದಲ ಪ್ರಶ್ನೆ ಇದು: ಇವರಿಗೆ ದಿನಕ್ಕೆ ಎಷ್ಟು ಸಲ ಬಡಿಸಬೇಕು?

ಉತ್ತರ ಹೇಳುವ ಮೊದಲು ದೇಹದೊಳಗೆ ಆಗಿರುವ ಮಾರ್ಪಾಡನ್ನು ನೋಡೋಣ. ಜಠರದ ಒಂದು ಭಾಗವನ್ನು ಕತ್ತರಿಸಿ ತೆಗೆದರೂ ಮನುಷ್ಯನು ಬದುಕಬಲ್ಲನೆಂಬುದನ್ನು ವಿಯೆನ್ನಾ ನಗರದ ಬಿಲ್‌ರೋತ್ ಎಂಬ ಶಸ್ತ್ರವೈದ್ಯನು ೧೮೮೧ರಲ್ಲಿ ಒಬ್ಬ ಅರ್ಬುದರೋಗಿಯ ಮೇಲೆ ನಡೆಸಿದ ಚಿಕಿತ್ಸೆಯಿಂದ ತೋರಿಸಿದನು. ಮುಂದೆ ಹುಣ್ಣಿನ ರೋಗಕ್ಕಾಗಿಯೂ ಇಂಥ ಚಿಕಿತ್ಸೆ ನಡೆಯಿತು. ಹಾಗೆ ಜಠರವನ್ನು ಕಿರಿದುಮಾಡಿಸಿಕೊಂಡವರ ತೂಕ ಮತ್ತೆ ಏರದಿದ್ದುದನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಮೇಸನ್ ಗಮನಿಸಿ, ೧೯೬೬ರಲ್ಲಿ ತೂಕವಿಳಿಸುವುದಕ್ಕೆಂದೇ ಗ್ಯಾಸ್ಟ್ರಿಕ್ ಬೈಪಾಸನ್ನು ಆರಂಭಿಸಿದರು. ಇಂದಿನ ರೀತಿಯ ಬೈಪಾಸಿನಲ್ಲಿ ಅನ್ನನಾಳದ ಕೆಳಗೆ ಸುಮಾರು ೩೦ ಮಿಲಿಲೀಟರ್ ಹಿಡಿಯುವ ಒಂದು ಸಂಚಿಯನ್ನು ಮಾತ್ರ ಉಳಿಸಿ, ಅದನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ. ‘ಸ್ಲೀವ್’ ಎಂಬ ಇನ್ನೊಂದು ವಿಧಾನದಲ್ಲಿ ಜಠರದ ಹೊರಬಾಗಿನ ಬಹುಭಾಗವನ್ನು ತೆಗೆದುಹಾಕಿ, ಅಂಗಿಯ ತೋಳಿನಂಥ ಕಿರಿದಾದ ನಳಿಗೆಯನ್ನು ಉಳಿಸುತ್ತಾರೆ. ಅದರ ಗಾತ್ರ ೧೦೦ರಿಂದ ೧೫೦ ಮಿಲಿಲೀಟರ್. ತುಂಬಿದಾಗ ಒಂದೂವರೆ ಲೀಟರಿನವರೆಗೆ ಹಿಗ್ಗಬಲ್ಲ ಜಠರವು ಹೀಗೆ ಒಂದು ಕಾಫಿಲೋಟದಷ್ಟಾಗುತ್ತದೆ.

ಎಷ್ಟು ಹೊತ್ತಿಗೊಮ್ಮೆ ಉಣ್ಣಬೇಕೆಂಬ ವಿಷಯದಲ್ಲಿ ಎರಡು ಸಲಹೆಗಳು ಕಿವಿಗೆ ಬೀಳುತ್ತವೆ. ಸ್ವಲ್ಪ ಸ್ವಲ್ಪವಾಗಿ ಆಗಾಗ್ಗೆ ತಿನ್ನಬೇಕು ಎಂಬುದು ಒಂದು. ಮೂರೇ ಹೊತ್ತು ಉಣ್ಣಬೇಕು, ನಡುವೆ ಬಾಯಾಡಿಸಬಾರದು ಎಂಬುದು ಇನ್ನೊಂದು. ಕೇಳಿದವರು ಕಂಗಾಲಾಗುವುದು ಸಹಜ. ವಾಸ್ತವವಾಗಿ ಎರಡೂ ಸರಿಯೇ. ಒಂದು ಮೊದಲ ತಿಂಗಳುಗಳಿಗೆ, ಇನ್ನೊಂದು ಆಮೇಲಿನ ವರ್ಷಗಳಿಗೆ ಸಲ್ಲತಕ್ಕದ್ದು. ಕಾರಣವನ್ನು ತಿಳಿಯಲು ನಮ್ಮ ಭೌತಶಾಸ್ತ್ರವೇ ಬಹುಮಟ್ಟಿಗೆ ಸಾಕು.

ಕಾಲ್ಚೆಂಡಿನ ಒಳಚೀಲಕ್ಕೆ ಪಂಪಿನಿಂದ ಒಂದು ಸಲ ಗಾಳಿ ಒತ್ತಿದರೆ ಅದು ಅಷ್ಟಾಗಿ ಗಡುಸಾಗುವುದಿಲ್ಲ; ಸೈಕಲ್ಲಿನ ಟೈರಿಗೆ ಅಷ್ಟೇ ಗಾಳಿ ಒತ್ತಿದರೆ ಬೇಗ ಗಡುಸಾಗುತ್ತದೆ. ಗೋಡೆಯ ಎಳೆತವು ಒಂದೇ ಆಗಿದ್ದಾಗ ತ್ರಿಜ್ಯ ಕಿರಿದಾದಷ್ಟೂ ಒಳಗಿನ ಒತ್ತಡ ಹೆಚ್ಚೆಂಬುದು ಲಾಪ್ಲಾಸನ ನಿಯಮ. ಜಠರದ ವಿಷಯದಲ್ಲಿ ಇನ್ನೊಂದು ವಿಶೇಷವಿದೆ. ಅದರ ಮೇಲ್ಭಾಗದ ಗುಮ್ಮಟವು ನಾವು ನುಂಗಲು ತೊಡಗಿದೊಡನೆ ತಾನಾಗಿಯೇ ಸಡಿಲಗೊಂಡು ಆಹಾರಕ್ಕೆ ಎಡೆಮಾಡಿಕೊಡುತ್ತದೆ. ಅದರಿಂದಲೇ ಹಬ್ಬದೂಟವನ್ನು ಉಂಡರೂ ಒಳಗಿನ ಒತ್ತಡ ಹೆಚ್ಚಾಗಿ ಏರುವುದಿಲ್ಲ. ಸ್ಲೀವ್ ಚಿಕಿತ್ಸೆಯಲ್ಲಿ ಕತ್ತರಿಸಿ ತೆಗೆಯುವುದು ಈ ಗುಮ್ಮಟವನ್ನೇ. ಒಂದು ಗುಟುಕು ೩೦ ಮಿಲಿಲೀಟರ್ ಎಂದಿಟ್ಟುಕೊಳ್ಳೋಣ. ೧,೫೦೦ ಮಿಲಿಲೀಟರಿನ ಜಠರಕ್ಕೆ ಅದು ಐವತ್ತರಲ್ಲೊಂದು ಪಾಲು; ೧೨೦ ಮಿಲಿಲೀಟರಿನ ನಳಿಗೆಗೆ ನಾಲ್ಕರಲ್ಲೊಂದು ಪಾಲು. ಎಲೆಯ ಮುಂದೆ ಕುಳಿತವನಿಗೆ ‘ಇನ್ನೊಂದು ಸೌಟು’ ಎಂದು ಒತ್ತಾಯಪಡಿಸುವ ನಮ್ಮ ಉಪಚಾರವು ಇಲ್ಲಿ ಎಂಥ ಉಪದ್ರವವಾಗಬಹುದೆಂಬುದನ್ನು ವಾಚಕರೇ ಲೆಕ್ಕಹಾಕಬಹುದು. ಏರಿದ ಒತ್ತಡವು ಎದೆನೋವಾಗಿಯೋ ವಾಂತಿಯಾಗಿಯೋ ಹೊರಬೀಳುತ್ತದೆ.

ಮೊದಲ ಒಂದೆರಡು ವಾರ ರೋಗಿಗೆ ದ್ರವಾಹಾರ ಮಾತ್ರ. ಆಗ ಪ್ರಶ್ನೆ ಊಟದ್ದಲ್ಲ, ನೀರಿನದು. ದಿನಕ್ಕೆ ಒಂದೂವರೆ ಲೀಟರಾದರೂ ದ್ರವ ದೇಹಕ್ಕೆ ಬೇಕು. ಒಮ್ಮೆಗೆ ಲೋಟದಷ್ಟು ಕುಡಿಯುವಂತಿಲ್ಲ. ಕಾಲು ಗಂಟೆಗೆ ೩೦ ಮಿಲಿಲೀಟರಿನಂತೆ ಗುಟುಕರಿಸಿದರೆ ಗಂಟೆಗೆ ೧೨೦, ಎಚ್ಚರವಾಗಿರುವ ೧೩ ಗಂಟೆಗಳಲ್ಲಿ ೧,೫೬೦ ಮಿಲಿಲೀಟರ್ ಆಗುತ್ತದೆ. ಎರಡು ಗಂಟೆ ಮರೆತು ಮಲಗಿದರೆ ೨೪೦ ಮಿಲಿಲೀಟರ್ ಕೈತಪ್ಪಿತು. ಸಂಜೆ ಅದನ್ನು ಒಟ್ಟಿಗೆ ತುಂಬಿಕೊಳ್ಳಲು ಪಾತ್ರೆಯಲ್ಲಿ ಸ್ಥಳವಿಲ್ಲ. ಇಂಥವರು ಶಸ್ತ್ರಚಿಕಿತ್ಸೆಯ ಬಳಿಕ ಮತ್ತೆ ಆಸ್ಪತ್ರೆ ಸೇರುವುದಕ್ಕೆ ನಿರ್ಜಲತೆಯು ಒಂದು ಮುಖ್ಯ ಕಾರಣ.

ಬಳಿಕ ನುಣ್ಣಗೆ ಅರೆದ ಆಹಾರ, ಅನಂತರ ಮೆತ್ತಗಿನ ಆಹಾರ. ಆರರಿಂದ ಎಂಟು ವಾರಗಳ ಹೊತ್ತಿಗೆ ಸಾಮಾನ್ಯ ಆಹಾರ. ಈ ಅವಧಿಯಲ್ಲಿ ದಿನಕ್ಕೆ ಐದಾರು ಸಲ, ಒಂದೊಂದು ಸಲ ಕೆಲವೇ ಚಮಚ. ಇಲ್ಲೊಂದು ವಿಚಿತ್ರ ಸಂಗತಿ ಎದುರಾಗುತ್ತದೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನ ಕೊಜಿಮಾ ಮತ್ತು ಕಂಗಾವಾ ಎಂಬ ವಿಜ್ಞಾನಿಗಳು ೧೯೯೯ರಲ್ಲಿ ಕಂಡುಹಿಡಿದರು. ಅದು ಹೆಚ್ಚಾಗಿ ಹುಟ್ಟುವುದು ಈ ಮೊದಲು ಹೇಳಿದ ಗುಮ್ಮಟದಲ್ಲಿ. ಗುಮ್ಮಟವೇ ಹೋದಮೇಲೆ ಹಸಿವೆಯ ಕರೆಯೂ ಕ್ಷೀಣಿಸುತ್ತದೆ. ಹಸಿದಾಗ ಉಣ್ಣುವೆನೆಂದು ಕಾಯುತ್ತ ಕುಳಿತವರು ಇಡೀ ದಿನ ಉಪವಾಸವಿರಬಹುದು. ಆದಕಾರಣ ಇವರಿಗೆ ಹೊಟ್ಟೆಯ ಬದಲು ಗೋಡೆಯ ಗಡಿಯಾರವೇ ಊಟದ ಹೊತ್ತನ್ನು ಸೂಚಿಸಬೇಕಾಗುತ್ತದೆ.

ಅಗಿಯುವುದರ ಪ್ರಯೋಜನವನ್ನೂ ಇಲ್ಲಿಯೇ ಹೇಳಬಹುದು. ಒಂದು ಸೆಂಟಿಮೀಟರ್ ಬದಿಯುಳ್ಳ ಘನಾಕೃತಿಯ ತುಣುಕಿನ ಮೇಲ್ಮೈ ೬ ಚದರ ಸೆಂಟಿಮೀಟರ್. ಅದನ್ನು ಒಂದು ಮಿಲಿಮೀಟರ್ ಬದಿಯ ಸಾವಿರ ಕಣಗಳಾಗಿ ಮಾಡಿದರೆ ಒಟ್ಟು ಮೇಲ್ಮೈ ೬೦ ಚದರ ಸೆಂಟಿಮೀಟರ್. ಜೀರ್ಣರಸಕ್ಕೆ ಹತ್ತುಪಟ್ಟು ಎಡೆ ದೊರೆತಂತಾಯಿತು. ಬೈಪಾಸಿನ ಸಂಚಿಗೆ ಅರೆಯುವ ಶಕ್ತಿಯಿಲ್ಲವಾದ್ದರಿಂದ ಆ ಕೆಲಸವನ್ನು ಹಲ್ಲುಗಳೇ ಪೂರೈಸಬೇಕು. ಊಟದೊಡನೆಯೂ ಊಟವಾದ ಅರ್ಧ ಗಂಟೆಯವರೆಗೂ ನೀರು ಕುಡಿಯಬಾರದೆಂಬ ನಿಯಮಕ್ಕೂ ಸ್ಥಳಾಭಾವವೇ ಒಂದು ಕಾರಣ. ಅನ್ನವು ನೀರಿನೊಡನೆ ಬೇಗ ಜಾರಿಹೋದರೆ ತೃಪ್ತಿ ಉಳಿಯುವುದಿಲ್ಲವೆಂಬುದು ಇನ್ನೊಂದು.

ಮಲೆನಾಡಿನ ಮನೆಗೆ ಬಿಸಿಲಿನಲ್ಲಿ ನಡೆದು ಬಂದವರ ಮುಂದೆ ಬೆಲ್ಲವನ್ನೂ ನೀರಿನ ಚೊಂಬನ್ನೂ ಇಡುವುದು ಹಳೆಯ ಮರ್ಯಾದೆ. ಸಾಗರದ ಕಡೆ ‘ಆಸರಿಗೆ ಬೇಕೇ?’ ಎಂದು ಕೇಳಿ ಪಾನಕವನ್ನು ಕೊಡುವುದೂ ಉಂಟು. ಇಷ್ಟು ಸುಂದರವಾದ ಪದ್ಧತಿಯ ಮೇಲೆ ಕೆಟ್ಟ ಮಾತಾಡಲು ನಮಗೆ ಮನಸ್ಸಿಲ್ಲ; ಆದರೆ ಬೈಪಾಸ್ ಆದವರಿಗೆ ಇದು ಸಲ್ಲದು. ೧೦೦ ಮಿಲಿಲೀಟರ್ ನೀರಿನಲ್ಲಿ ೧೭ ಗ್ರಾಂ ಸಕ್ಕರೆ ಕರಗಿದೆಯೆಂದು ಭಾವಿಸೋಣ. ಸಕ್ಕರೆಯ ಅಣುತೂಕ ೩೪೨. ಆದ್ದರಿಂದ ದ್ರಾವಣದ ಸಾಂದ್ರತೆ ಲೀಟರಿಗೆ ಸುಮಾರು ಅರ್ಧ ಮೋಲ್. ಕರುಳಿನಲ್ಲಿ ಪ್ರತಿ ಅಣುವೂ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಎರಡಾಗಿ ಒಡೆದಾಗ ಅದು ಒಂದು ಮೋಲ್ ಆಗುತ್ತದೆ. ರಕ್ತದಲ್ಲಿ ಕರಗಿರುವ ಕಣಗಳ ಸಾಂದ್ರತೆಯಾದರೋ ಲೀಟರಿಗೆ ೦.೩ ಮೋಲ್ ಮಾತ್ರ. ಅಭಿಸರಣದ ನಿಯಮದಂತೆ ನೀರು ರಕ್ತದ ಕಡೆಯಿಂದ ಕರುಳಿನೊಳಕ್ಕೆ ಹರಿಯುತ್ತದೆ. ಸಕ್ಕರೆಯು ಸ್ವಲ್ಪವೂ ಹೀರಿಹೋಗದೆ ಅಲ್ಲಿಯೇ ಇರುವುದೆಂದು ಕಲ್ಪಿಸಿದರೆ, ಎರಡೂ ಕಡೆ ಸಮವಾಗಲು ಇನ್ನೂರು ಮಿಲಿಲೀಟರಿಗೂ ಹೆಚ್ಚು ನೀರು ಒಳಗೆ ಸೇರಬೇಕಾಗುತ್ತದೆ.

ನಮ್ಮ ನಿಮ್ಮ ಜಠರದ ಬಾಗಿಲಲ್ಲಿ ಒಂದು ಸ್ನಾಯುವಿನ ಉಂಗುರವಿದ್ದು, ಅದು ಇಂಥ ದ್ರವವನ್ನು ತಡೆದು ತಡೆದು ಬಿಡುತ್ತದೆ. ಬೈಪಾಸಿನಲ್ಲಿ ಆ ಬಾಗಿಲೇ ದಾರಿಗೆ ಸಿಗುವುದಿಲ್ಲ. ಸಿಹಿನೀರು ಒಮ್ಮೆಲೆ ಕರುಳಿಗೆ ಸುರಿದು, ಹತ್ತರಿಂದ ಮೂವತ್ತು ನಿಮಿಷಗಳೊಳಗೆ ಎದೆಬಡಿತ, ಬೆವರು, ತಲೆಸುತ್ತು, ಹೊಟ್ಟೆ ನುಲಿತಗಳು ಕಾಣಿಸಿಕೊಳ್ಳುತ್ತವೆ. ಕರುಳಿನ ಹಾರ್ಮೋನುಗಳ ಕೈವಾಡವೂ ಇದರಲ್ಲಿದೆ. ವೈದ್ಯರು ಇದಕ್ಕೆ ‘ಡಂಪಿಂಗ್’ ಎಂದು ಹೆಸರಿಟ್ಟಿದ್ದಾರೆ. ಸ್ಲೀವಿನಲ್ಲಿ ಬಾಗಿಲು ಉಳಿದಿರುವುದರಿಂದ ಬಾಧೆ ಕಡಮೆ, ಆದರೆ ಇಲ್ಲವೇ ಇಲ್ಲವೆನ್ನುವಂತಿಲ್ಲ. ಇದರ ತಮ್ಮನೊಬ್ಬನಿದ್ದಾನೆ, ಅವನು ಒಂದರಿಂದ ಮೂರು ಗಂಟೆ ತಡವಾಗಿ ಬರುತ್ತಾನೆ. ರಕ್ತಕ್ಕೆ ನುಗ್ಗಿದ ಗ್ಲೂಕೋಸನ್ನು ಎದುರಿಸಲು ಇನ್ಸುಲಿನ್ ಅತಿಯಾಗಿ ಒಸರಿ, ಸಕ್ಕರೆಯ ಮಟ್ಟ ಕುಸಿದು, ಕೈಕಾಲು ನಡುಗಿ ಕಣ್ಣು ಕತ್ತಲೆಗಟ್ಟುತ್ತದೆ. ಹೀಗಾಗುವವರು ಸಿಹಿಯನ್ನು ಬಿಟ್ಟು, ಪಿಷ್ಟವನ್ನು ತಗ್ಗಿಸಿ, ಪ್ರೋಟೀನುಳ್ಳ ಸಣ್ಣ ಊಟವನ್ನು ಹೊತ್ತು ತಪ್ಪಿಸದೆ ದಿನಕ್ಕೆ ಐದಾರು ಸಲ ಉಣ್ಣಬೇಕು. ಅವರಿಗೆ ‘ಆಗಾಗ್ಗೆ’ ಎಂಬ ಸಲಹೆ ತಿಂಗಳುಗಳು ಕಳೆದ ಮೇಲೂ ಸಲ್ಲುತ್ತದೆ.

ಪ್ರೋಟೀನಿನ ಮಾತು ಬಂದುದರಿಂದ ಗಂಜಿಯ ವಿಚಾರ ಹೇಳದೆ ವಿಧಿಯಿಲ್ಲ. ಕಾಯಿಲೆಯವರಿಗೆ ಗಂಜಿಯೇ ಶ್ರೇಷ್ಠವೆಂಬುದು ನಮ್ಮವರ ದೃಢವಾದ ನಂಬಿಕೆ. ಇವರಿಗೆ ದಿನಕ್ಕೆ ೬೦ ಗ್ರಾಂ ಪ್ರೋಟೀನಾದರೂ ಬೇಕು. ಇಲ್ಲವಾದರೆ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ. ತೆಳುವಾದ ಅಕ್ಕಿಗಂಜಿಯ ಒಂದು ಲೋಟದಲ್ಲಿ ದೊರೆಯುವುದು ಒಂದು ಗ್ರಾಮಿನ ಆಸುಪಾಸು. ೧೦೦ ಮಿಲಿಲೀಟರ್ ಹಾಲಿನಲ್ಲಿ ಸುಮಾರು ಮೂರು ಗ್ರಾಂ. ಹಾಲನ್ನೇ ನಂಬಿದರೆ ದಿನಕ್ಕೆ ಇಪ್ಪತ್ತು ಲೋಟಗಳು! ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ೧೦೦ ಗ್ರಾಂ ಮೀನಿನಲ್ಲಿ ಸುಮಾರು ಇಪ್ಪತ್ತು. ಸಸ್ಯಾಹಾರಿಗಳಿಗೆ ಗಟ್ಟಿಮೊಸರು, ಪನೀರ್, ಬೇಯಿಸಿ ಮಸೆದ ಹುರುಳಿ ಹೆಸರುಕಾಳುಗಳಿವೆ. ಬಟ್ಟಲು ಕಿರಿದಾದುದರಿಂದ ಇವನ್ನು ಮೊದಲು ತಿಂದು, ಸ್ಥಳ ಉಳಿದರೆ ಅನ್ನಕ್ಕೆ ಕೈಹಾಕಬೇಕು. ನಮ್ಮ ಎಲೆಯ ಕ್ರಮವನ್ನು ಪೂರ್ತಿ ತಲೆಕೆಳಗು ಮಾಡಬೇಕಾದ ಸ್ಥಳವಿದು.

ಕೆಲವು ತಿಂಗಳುಗಳಲ್ಲಿ ಒಂದು ಸಲಕ್ಕೆ ಹಿಡಿಸುವ ಆಹಾರ ಹೆಚ್ಚುತ್ತದೆ. ಆಗ ಮೂರು ಸಣ್ಣ ಊಟಗಳು, ಅವಶ್ಯವಿದ್ದರೆ ನಡುವೆ ಒಂದೆರಡು ಗೊತ್ತಾದ ಉಪಾಹಾರಗಳು. ಅವುಗಳ ನಡುವೆ ಮೂರು ನಾಲ್ಕು ಗಂಟೆಗಳ ಬಿಡುವು. ‘ಆಗಾಗ್ಗೆ’ ಎಂಬ ಹಳೆಯ ಅಭ್ಯಾಸವನ್ನು ಇಲ್ಲಿ ಬಿಡದಿದ್ದರೆ ತೊಂದರೆ. ಕಿರಿದಾದ ಜಠರವು ಒಮ್ಮೆಗೆ ಹೆಚ್ಚು ಉಣ್ಣುವುದನ್ನು ತಡೆಯಬಲ್ಲುದೇ ಹೊರತು, ದಿನವಿಡೀ ಮೇಯುವುದನ್ನು ತಡೆಯಲಾರದು. ಹಲಸಿನ ಹಪ್ಪಳ, ಚಕ್ಕುಲಿಗಳು ಪುಡಿಯಾಗಿ ಸರಾಗವಾಗಿ ಜಾರಿಹೋಗುತ್ತವೆ. ಕರಿದ ತಿಂಡಿಯ ೨೫ ಗ್ರಾಮಿನಲ್ಲಿ ಸುಮಾರು ೧೨೫ ಕ್ಯಾಲೊರಿ ಇದೆಯೆಂದರೆ, ಜಡಿಮಳೆಯ ಒಂದು ದಿನ ಒಲೆಯ ಬಳಿ ಕುಳಿತು ಎಂಟು ಸಲ ಹಿಡಿಯಷ್ಟು ಬಾಯಿಗೆ ಹಾಕಿಕೊಂಡವರಿಗೆ ಒಂದು ಸಾವಿರ ಕ್ಯಾಲೊರಿ ಸಂದಿತು. ಒಂದು ಸಲವೂ ಹೊಟ್ಟೆ ಬಿಗಿಯಲಿಲ್ಲ, ಲಾಪ್ಲಾಸನ ನಿಯಮ ಎಚ್ಚರಿಸಲಿಲ್ಲ! ಇಳಿದ ತೂಕ ಮರಳಿ ಏರುವ ದಾರಿಗಳಲ್ಲಿ ಇದೂ ಒಂದು.

ಇನ್ನೊಂದು ಅಪಾಯವು ಊರಿನಲ್ಲಿರುವವರಿಗೆ ಮುಖ್ಯವಾದುದು. ಬಿಲ್‌ರೋತನು ಜಠರವನ್ನು ಕತ್ತರಿಸಿದ ಅದೇ ೧೮೮೧ರಲ್ಲಿ ವೆರ್ನಿಕೆ ಎಂಬ ಜರ್ಮನ್ ವೈದ್ಯನು ಒಂದು ಮೆದುಳಿನ ರೋಗವನ್ನು ವರ್ಣಿಸಿದನು: ಕಣ್ಣಾಲಿಗಳ ಚಲನೆ ಕೆಡುವುದು, ನಡಿಗೆ ತತ್ತರಿಸುವುದು, ಮನಸ್ಸು ಮಂಕಾಗುವುದು. ಅವನು ಕಂಡ ಮೂವರು ರೋಗಿಗಳಲ್ಲಿ ಒಬ್ಬಳು ಆಮ್ಲದಿಂದ ಜಠರ ಸುಟ್ಟು ಎಡೆಬಿಡದೆ ವಾಂತಿಮಾಡುತ್ತಿದ್ದ ಹುಡುಗಿ. ಥಯಮಿನ್ ಎಂಬ ಬಿ-೧ ಜೀವಸತ್ವದ ಕೊರತೆಯೇ ಇದರ ಮೂಲವೆಂದು ಮುಂದೆ ಗೊತ್ತಾಯಿತು. ದೇಹದಲ್ಲಿರುವ ಅದರ ದಾಸ್ತಾನು ಎರಡು ಮೂರು ವಾರಗಳಿಗೆ ಮಾತ್ರ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ತೀರ ಅಲ್ಪ. ತೂಕವಿಳಿಸುವ ಶಸ್ತ್ರಚಿಕಿತ್ಸೆಯಾದವರು ಪದೇ ಪದೇ ವಾಂತಿಮಾಡುತ್ತಿದ್ದರೆ ‘ಹೊಂದಿಕೆಯಾಗುತ್ತದೆ, ಕಾಯೋಣ’ ಎಂದು ಸುಮ್ಮನಿರಲಾಗದು. ಸುಸ್ತಾಗಿದೆಯೆಂದು ಹತ್ತಿರದ ಚಿಕಿತ್ಸಾಲಯದಲ್ಲಿ ಬರಿಯ ಗ್ಲೂಕೋಸ್ ಹನಿಸಿದರೆ, ಅದನ್ನು ದಹಿಸುವ ಕಾರ್ಯದಲ್ಲಿ ಉಳಿದಿದ್ದ ಥಯಮಿನ್ ಕೂಡ ವ್ಯಯವಾಗಿ ರೋಗವು ಉಲ್ಬಣಿಸಬಹುದು; ಥಯಮಿನ್ ಮೊದಲು, ಗ್ಲೂಕೋಸ್ ಅನಂತರ. ಮಳೆಗಾಲದ ರಾತ್ರಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆ ಘಾಟಿಯ ಆಚೆಗೆ ಇರುತ್ತದೆ, ಎದುರಿಗಿರುವವರು ರೋಗಿಯ ಪೂರ್ವವೃತ್ತಾಂತವನ್ನು ಅರಿಯದ ಊರಿನ ವೈದ್ಯರು. ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಕಾಗದವನ್ನು ಪೆಟ್ಟಿಗೆಯ ತಳದಲ್ಲಿಡದೆ, ಅವರ ಮುಂದೆ ಮೊದಲು ಇಡಬೇಕು.