ತೋಟದಲ್ಲಿ ಉಳಿದದ್ದು ಕಾಡಿಗೆ ಮರಳಲಿ



ತ್ರಾಸಿಯ ಹಳೆಯ ಬೇಸಾಯದ ಮನೆಗಳಲ್ಲಿ ಬಿತ್ತನೆಯ ಭತ್ತವನ್ನು ಒಣಗಿಸಿ, ಮುಡಿ ಕಟ್ಟಿ ಇಡುತ್ತಿದ್ದುದನ್ನು ಹಿರಿಯರಿಂದ ಕೇಳಿರುತ್ತೀರಿ. ಮಳೆಗಾಲ ಬಂದಾಗ ಅದು ಮೊಳೆಯುತ್ತಿತ್ತು. ಹಲಸಿನ ಬೀಜವನ್ನು ಹಾಗೆಯೇ ಒಣಗಿಸಿಟ್ಟು ಮರುವರ್ಷ ಬಿತ್ತಿ ನೋಡಿ, ಮೊಳಕೆ ಬಾರದು. ಏಕೆ? ಭತ್ತದ ಬೀಜ ನೀರಿನಂಶ ಕಳೆದುಕೊಂಡರೂ ಜೀವ ಹಿಡಿದಿರುತ್ತದೆ. ಹಲಸಿನ ಬೀಜ ಒಣಗಿದರೆ ಸಾಯುತ್ತದೆ.

ಸಸ್ಯೋದ್ಯಾನಗಳು ಏಕೆ ಬೇಕು ಎಂಬುದಕ್ಕೆ ಉತ್ತರ ಇಲ್ಲಿಯೇ ಇದೆ. ಭತ್ತದಂತಹ ಬೀಜಗಳನ್ನು ಅತಿಶೀತದ ಭಂಡಾರಗಳಲ್ಲಿ ದಶಕಗಳ ಕಾಲ ಕಾಪಾಡಬಹುದು. ಆದರೆ ರಾಮಪತ್ರೆಯೂ ಸೇರಿದಂತೆ ಪಶ್ಚಿಮ ಘಟ್ಟದ ಅನೇಕ ಮರಗಳ ಬೀಜ ಹಲಸಿನ ಗುಣದವು. ಅವುಗಳನ್ನು ಬೆಳೆಯುವ ಗಿಡಗಳಾಗಿಯೇ ಉಳಿಸಿಕೊಳ್ಳಬೇಕು. ಮಂಗಳೂರಿನ ಪಿಲಿಕುಳದಲ್ಲಿ ಪಶ್ಚಿಮ ಘಟ್ಟದ ಮರಗಳನ್ನು ಬೆಳೆಸಿರುವ ಸಸ್ಯವನ ಇಂತಹ ಕೆಲಸಕ್ಕೆ ನಮಗೆ ಹತ್ತಿರದ ಉದಾಹರಣೆ. ಜಗತ್ತಿನ ಸಸ್ಯೋದ್ಯಾನಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸಸ್ಯ ಪ್ರಭೇದಗಳಿವೆ ಎಂದು 2017ರ ಒಂದು ಅಧ್ಯಯನ ಲೆಕ್ಕ ಹಾಕಿತು. ಅಪಾಯದಲ್ಲಿರುವುದಾಗಿ ಗುರುತಿಸಲಾದ ಪ್ರಭೇದಗಳಲ್ಲಿ ಶೇಕಡಾ 41ರಷ್ಟು ಅಲ್ಲಿ ಆಶ್ರಯ ಪಡೆದಿದ್ದವು.

ಆಶ್ರಯ ಕೊಟ್ಟರೆ ಸಾಕೇ? ಜೋಗದ ಒಂದು ಹುಲ್ಲಿನ ಕಥೆ ಕೇಳಿ. 1919ರಲ್ಲಿ ಜಲಪಾತದ ಬಳಿ ಸಂಗ್ರಹಿಸಿದ ಈ ಹುಲ್ಲಿಗೆ ಸಸ್ಯವಿಜ್ಞಾನಿಗಳು ಮುಂದೆ ಹುಬ್ಬಾರ್ಡಿಯಾ ಎಂದು ಹೆಸರಿಟ್ಟರು. ಸದಾ ಒದ್ದೆಯಾಗಿರುವ ಬಂಡೆಯೇ ಅದರ ಮನೆ. ಮತ್ತೆ ಹುಡುಕಿದಾಗ ಜೋಗದಲ್ಲಿ ಅದು ಸಿಗಲಿಲ್ಲ. ಅಳಿದೇ ಹೋಯಿತೆಂದು ಭಾವಿಸಲಾಯಿತು. ಈ ಶತಮಾನದ ಆರಂಭದಲ್ಲಿ ಅದು ಮಹಾರಾಷ್ಟ್ರದ ತಿಲ್ಲಾರಿ ಘಟ್ಟದಲ್ಲಿ ಕಾಣಿಸಿಕೊಂಡಿತು! ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಅದನ್ನು ಅಲ್ಲಿನ ಸಸ್ಯೋದ್ಯಾನದಲ್ಲಿ ಬೆಳೆಸಿ, ಸಂಖ್ಯೆ ಹೆಚ್ಚಿಸಿ, ಘಟ್ಟದ ಸೂಕ್ತ ತಾಣಗಳಲ್ಲಿ ಮರಳಿ ನೆಟ್ಟರು. ತೋಟ ಅದಕ್ಕೆ ಆಸ್ಪತ್ರೆಯಂತಾಯಿತು. ಆಸ್ಪತ್ರೆಯಿಂದ ರೋಗಿ ಮನೆಗೆ ಮರಳಬೇಕಲ್ಲವೇ?

ತೋಟಕ್ಕೂ ಮಿತಿಗಳಿವೆ. ಒಂದೇ ಮರದ ಬೀಜದಿಂದ ನೂರು ಸಸಿ ಮಾಡಿದರೆ ಅವೆಲ್ಲ ಒಂದೇ ತಾಯಿಯ ಮಕ್ಕಳು. ಒಂದನ್ನು ಕೊಲ್ಲುವ ರೋಗ ಉಳಿದವನ್ನೂ ಸುಲಭವಾಗಿ ಕೊಲ್ಲಬಹುದು. ಆದ್ದರಿಂದ ಬೇರೆ ಬೇರೆ ಕಾಡುಗಳ, ಬೇರೆ ಬೇರೆ ಮರಗಳಿಂದ ಬೀಜ ತರಬೇಕಾಗುತ್ತದೆ. ಹೂವಿಗೆ ಪರಾಗ ತಲುಪಿಸುವ ಕೀಟ, ಬೀಜ ಹರಡುವ ಹಕ್ಕಿ, ಬೇರಿಗೆ ನೆರವಾಗುವ ಶಿಲೀಂಧ್ರ, ಇವೆಲ್ಲವನ್ನೂ ಬೇಲಿಯೊಳಗೆ ತರಲು ಸಾಧ್ಯವಿಲ್ಲ.

ನಿಮ್ಮ ಊರಿನ ನಾಗಬನವನ್ನು ಒಮ್ಮೆ ಗಮನವಿಟ್ಟು ನೋಡಿ. ಅಲ್ಲಿರುವ ಮರ ಬಳ್ಳಿಗಳ ಹೆಸರನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಕರಾವಳಿಯ ಎಷ್ಟೋ ಬನಗಳಲ್ಲಿ ಮರ ಹೋಗಿ ಕಾಂಕ್ರೀಟು ಕಟ್ಟೆ ಬಂದಿದೆ. ನಾಳೆ ಸಸ್ಯೋದ್ಯಾನದಿಂದ ಸಸಿಯೊಂದು ಮರಳಿ ಬಂದರೆ ಅದಕ್ಕೊಂದು ಮನೆ ಉಳಿದಿರಬೇಕು. ಆ ಮನೆಯನ್ನು ಉಳಿಸುವವರು ನೀವೇ.