ತಟ್ಟೆ ಎಸೆಯುವ ಗಾಲ್ಫ್: ಹೊಸಬರಿಗೆ ಕೆಲವು ಮಾತು

ಹಾಳೆ ತಟ್ಟೆಯಲ್ಲಿ ಊಟ ಮುಗಿಸಿ, ಅದನ್ನು ತಿಪ್ಪೆಗೆ ಹಾಕುವ ಮೊದಲು ಒಮ್ಮೆ ಗಾಳಿಯಲ್ಲಿ ತೇಲಿಬಿಡದ ಹುಡುಗ ನಮ್ಮ ಸೀಮೆಯಲ್ಲಿ ಇರಲಾರ. ತಟ್ಟೆ ಹತ್ತು ಹೆಜ್ಜೆ ನೆಟ್ಟಗೆ ಹೋಗುತ್ತದೆ. ಆಮೇಲೆ ತಲೆಯೆತ್ತಿ ನಿಂತು, ಮಗುಚಿ, ಚರಂಡಿಗೆ ಬೀಳುತ್ತದೆ. ಅದು ಏಕೆ ಹಾಗೆ ಬೀಳುತ್ತದೆ ಎಂಬುದನ್ನು ತಿಳಿದುಕೊಂಡವನಿಗೆ ಡಿಸ್ಕ್ ಗಾಲ್ಫ್ ಎಂಬ ಆಟದ ಅರ್ಧ ವಿದ್ಯೆ ಬಂದಂತೆಯೇ ಸರಿ.

ಕಳೆದ ವಾರ್ಷಿಕ ಸಭೆ ಮುಗಿದು ಕಾಫಿ ಕುಡಿಯುವಾಗ ಈ ಆಟದ ಮಾತು ಬಂದಿತು. ಗೋದಾಮಿನ ಹಿಂದಿರುವ ಮೂರು ಎಕರೆಯಲ್ಲಿ ಇದಕ್ಕೊಂದು ಮೈದಾನ ಮಾಡಬೇಕು, ಅದಕ್ಕಾಗಿ ಅಲ್ಲಿನ ಸಿಲ್ವರ್ ಓಕ್ ಮತ್ತು ಹಲಸಿನ ಮರಗಳನ್ನು ಕಡಿಸಬೇಕು ಎಂದು ಕೆಲವು ಯುವ ಸದಸ್ಯರು ಸೂಚಿಸಿದರು. ಹಿರಿಯರು ಆಟವೇ ಬೇಡವೆಂದರು. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ವಿಷಯ ಚರ್ಚೆಗೆ ಬರಲಿದೆ. ಅದಕ್ಕೆ ಮುಂಚೆ ಈ ಆಟ ಏನು, ಹೊಸಬ ಅದನ್ನು ಹೇಗೆ ಹಿಡಿಯಬೇಕು ಎಂಬುದನ್ನು ಸದಸ್ಯರ ಗಮನಕ್ಕೆ ತರುವುದು ಕಾರ್ಯದರ್ಶಿಯ ಕೆಲಸವೆಂದು ಭಾವಿಸಿ ಬರೆಯುತ್ತಿದ್ದೇನೆ.

ಗಾಲ್ಫ್ ಎಂದೊಡನೆ ನಮಗೆ ನೆನಪಾಗುವುದು ದೊಡ್ಡ ತೋಟಗಾರರ ಕ್ಲಬ್ಬು. ಬೆಂಗಳೂರಿನ ಗಾಲ್ಫ್ ಕ್ಲಬ್ 1876ರದು. ಮಡಿಕೇರಿಯಲ್ಲಿಯೂ ವಿರಾಜಪೇಟೆಯ ಬಳಿ ಬಿಟ್ಟಂಗಾಲದಲ್ಲಿಯೂ ಗಾಲ್ಫ್ ಮೈದಾನಗಳಿವೆ. ಅದಕ್ಕೆ ಬೇಕಾದ ನೂರಾರು ಎಕರೆ, ಬೇಸಗೆಯಲ್ಲೂ ಹಸಿರಾಗಿಡಬೇಕಾದ ಹುಲ್ಲು, ನೀರು, ಸದಸ್ಯತ್ವದ ಶುಲ್ಕ, ಇವೆಲ್ಲ ಐದೆಕರೆಯವನ ಮಾತಲ್ಲ. ಡಿಸ್ಕ್ ಗಾಲ್ಫಿನಲ್ಲಿ ಚೆಂಡೂ ಇಲ್ಲ, ಕೋಲೂ ಇಲ್ಲ, ನೆಲದಲ್ಲಿ ಕುಳಿಯೂ ಇಲ್ಲ. ಕೈಯಿಂದ ತಟ್ಟೆ ಎಸೆಯುವುದು; ಕುಳಿಯ ಬದಲಿಗೆ ಕಂಬಕ್ಕೆ ಕಟ್ಟಿದ ಬುಟ್ಟಿ, ಅದರ ಮೇಲೆ ಇಳಿಬಿಟ್ಟ ಸರಪಳಿಗಳು. ತಟ್ಟೆ ಸರಪಳಿಗೆ ಬಡಿದು, ಓಟದ ಸೊಕ್ಕು ಇಳಿದು, ಬುಟ್ಟಿಗೆ ಬೀಳುತ್ತದೆ. ಒಂದು ಬುಟ್ಟಿಗೆ ಸುಮಾರು ಒಂದು ಎಕರೆ ಎಂಬುದು ಅಮೆರಿಕದವರ ಸಾಮಾನ್ಯ ಲೆಕ್ಕ. ಕಲಿಯುವವರಿಗೆ ಅಷ್ಟೂ ಬೇಡ.

ಆಟದ ಮೂಲವೂ ಊಟದ ತಟ್ಟೆಯೇ. ಅಮೆರಿಕದ ಬ್ರಿಜ್‌ಪೋರ್ಟ್ ಎಂಬ ಊರಿನ ಫ್ರಿಸ್ಬಿ ಎಂಬ ಕಂಪನಿ ಸಿಹಿ ಕಡುಬುಗಳನ್ನು ತಗಡಿನ ತಟ್ಟೆಯಲ್ಲಿಟ್ಟು ಮಾರುತ್ತಿತ್ತು. ಖಾಲಿ ತಟ್ಟೆಗಳನ್ನು ಕಾಲೇಜು ಹುಡುಗರು ಎಸೆದಾಡುತ್ತಿದ್ದರೆಂದು ಹೇಳುತ್ತಾರೆ. 1957ರಲ್ಲಿ ವ್ಯಾಮ್-ಓ ಕಂಪನಿ ಪ್ಲಾಸ್ಟಿಕ್ ತಟ್ಟೆಯನ್ನು ಮಾರುಕಟ್ಟೆಗೆ ತಂದು ಅದಕ್ಕೆ ಫ್ರಿಸ್ಬೀ ಎಂದು ಹೆಸರಿಟ್ಟಿತು. ಅದೇ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ ಎಂಬಾತ 1975ರಲ್ಲಿ ಕ್ಯಾಲಿಫೋರ್ನಿಯದ ಓಕ್ ಗ್ರೋವ್ ಉದ್ಯಾನದಲ್ಲಿ ಈ ಆಟಕ್ಕೆ ಮೈದಾನ ಮಾಡಿದ. ಅಲ್ಲಿ ಮೊದಲು ಇದ್ದದ್ದು ಬರೀ ಕಂಬ. ತಟ್ಟೆ ತಾಗಿತೋ ಇಲ್ಲವೋ ಎಂಬ ಜಗಳ ತೀರಿಸಲು ಸರಪಳಿ ಬುಟ್ಟಿ ಹುಟ್ಟಿತು. 1977ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. 2002ರಲ್ಲಿ ಹೆಡ್ರಿಕ್ ತೀರಿಕೊಂಡಾಗ, ಅವನ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ತಟ್ಟೆಗಳನ್ನು ಮಾಡಿದರಂತೆ. ನಮ್ಮಲ್ಲಿ ಹೊಳೆಗೆ ಬಿಡುತ್ತೇವೆ, ಅವರು ಗಾಳಿಗೆ ಬಿಟ್ಟರು.

ಇನ್ನು ಹಾಳೆ ತಟ್ಟೆಯ ವಿಷಯ. ಅದು ಹಗುರ, ಅಂಚಿನಲ್ಲಿ ತೂಕವಿಲ್ಲ. ಆದುದರಿಂದ ಕೈಬಿಟ್ಟ ಕ್ಷಣದಿಂದಲೇ ಅದರ ಸುತ್ತು ಸೋಲುತ್ತದೆ. ಆಟದ ಡಿಸ್ಕು ಸುಮಾರು 21 ಸೆಂಟಿಮೀಟರ್ ಅಗಲ, 150ರಿಂದ 175 ಗ್ರಾಂ ತೂಕ. ಆ ತೂಕದ ಬಹುಪಾಲು ಅಂಚಿನಲ್ಲಿರುತ್ತದೆ. ಹಳೆಯ ಡೀಸೆಲ್ ಪಂಪಿನ ಎಂಜಿನ್ ನೋಡಿದವರಿಗೆ ಇದು ಬೇಗ ತಿಳಿದೀತು. ಅದರ ದಪ್ಪ ಗಾಲಿ ಒಮ್ಮೆ ತಿರುಗಿದರೆ ಬೇಗ ನಿಲ್ಲದು. ಡಿಸ್ಕಿನ ಅಂಚೂ ಹಾಗೆಯೇ.

ಹಾರುವ ತಟ್ಟೆಯನ್ನು ಗಾಳಿ ಎತ್ತಿಹಿಡಿಯುತ್ತದೆ. ವೇಗ ತಗ್ಗಿದಂತೆ ಈ ಎತ್ತುವ ಬಲ ನಡುವಿನಿಂದ ಮುಂಭಾಗಕ್ಕೆ ಸರಿಯುತ್ತದೆ. ಸುತ್ತಿಲ್ಲದ ತಟ್ಟೆಯಾದರೆ ಮೂಗೆತ್ತಿ ಮಗುಚುತ್ತದೆ. ಸುತ್ತುವ ವಸ್ತುವಿನ ಸ್ವಭಾವವೇ ಬೇರೆ: ಅದರ ಮುಂದೆ ಕೊಟ್ಟ ತಳ್ಳು ಕಾಲು ಸುತ್ತು ಆಚೆ, ಪಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಬಲಗೈಯವರು ಎದೆಯ ಮುಂದಿನಿಂದ ಬೀಸಿ ಎಸೆದ ಡಿಸ್ಕು ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಆದ್ದರಿಂದ ಕೊನೆಯಲ್ಲಿ ಅದರ ಬಲ ಅಂಚು ಎದ್ದು, ತಟ್ಟೆ ಎಡಕ್ಕೆ ಇಳಿಯುತ್ತದೆ. ಇದು ಎಸೆದವನ ತಪ್ಪಲ್ಲ, ಡಿಸ್ಕಿನ ಧರ್ಮ. ಎಡಕ್ಕೆ ಇಳಿಯುವುದನ್ನು ಲೆಕ್ಕಕ್ಕೆ ಹಿಡಿದು, ಬುಟ್ಟಿಗಿಂತ ತುಸು ಬಲಕ್ಕೆ ಗುರಿಯಿಟ್ಟರೆ ಆಯಿತು. ಹೊಸಬರು ಇದನ್ನು ಒಪ್ಪದೆ ತೋಳಿನ ಬಲದಿಂದ ನೆಟ್ಟಗೆ ಮಾಡಲು ಹೋಗಿ ಭುಜ ನೋಯಿಸಿಕೊಳ್ಳುತ್ತಾರೆ.

ಹಿಡಿತದಲ್ಲಿ ಹೆಚ್ಚಿನ ಗುಟ್ಟೇನೂ ಇಲ್ಲ. ಹೆಬ್ಬೆರಳು ಮೇಲೆ, ಉಳಿದ ಬೆರಳು ಅಂಚಿನ ಒಳಗೆ. ಗುರಿಗೆ ಪಕ್ಕಾಗಿ ನಿಂತು, ಪವರ್ ಸ್ಪ್ರೇಯರಿನ ಹಗ್ಗ ಎಳೆಯುವಂತೆ ಎದೆಯ ಎತ್ತರದಲ್ಲಿ ಸಮನಾಗಿ ಎಳೆಯಬೇಕು. ಮೊಣಕೈ ಮುಂದೆ ಹೋಗಬೇಕು, ಮಣಿಕಟ್ಟು ಕೊನೆಗೆ ತಾನಾಗಿ ಬಿಚ್ಚಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ತಟ್ಟೆಯ ಮೂಗು. ಮುಂದಿನ ಅಂಚು ಒಂದಿಷ್ಟು ಮೇಲೆದ್ದರೂ ಡಿಸ್ಕು ಆಕಾಶಕ್ಕೇರಿ, ಅಲ್ಲೇ ಸುಸ್ತಾಗಿ ಕೆಳಗಿಳಿಯುತ್ತದೆ. ಹೊಸಬರ ಹತ್ತು ಎಸೆತದಲ್ಲಿ ಎಂಟು ಕೆಡುವುದು ಇದರಿಂದಲೇ. ನೀರು ತುಂಬಿದ ತಟ್ಟೆಯನ್ನು ಚೆಲ್ಲದಂತೆ ಸಾಗಿಸುತ್ತಿದ್ದೇನೆ ಎಂದುಕೊಂಡು ಎಳೆದು ನೋಡಿ.

ಡಿಸ್ಕುಗಳಲ್ಲಿ ಮೂರು ಬಗೆ. ಹತ್ತಿರದ ಎಸೆತಕ್ಕೆ ಮೊಂಡು ಅಂಚಿನ ಪಟರ್, ನಡು ದೂರಕ್ಕೆ ಮಿಡ್‌ರೇಂಜ್, ಬಹು ದೂರಕ್ಕೆ ಚೂಪಂಚಿನ ಡ್ರೈವರ್. ಅಂಚನ್ನು ಓರೆಮಾಡಿ ದೂರ ಹೋಗುವ ಡಿಸ್ಕನ್ನು ತಂದವನು ಡೇವ್ ಡುನಿಪೇಸ್, 1983ರಲ್ಲಿ. ಅಂಗಡಿಯವರು ಮೊದಲು ಮಾರಲು ನೋಡುವುದು ಡ್ರೈವರನ್ನೇ; ಮೊದಲ ಆರು ತಿಂಗಳು ಅದನ್ನು ಮುಟ್ಟಬೇಡಿ. ವೇಗವಿಲ್ಲದ ಕೈಯಲ್ಲಿ ಅದು ಎಡಕ್ಕೆ ಧುಮುಕುವುದೊಂದನ್ನೇ ಬಲ್ಲದು. ಒಂದು ಪಟರ್, ಒಂದು ಮಿಡ್‌ರೇಂಜ್ ಸಾಕು.

ನಾನು ಇದನ್ನೆಲ್ಲ ಕಲಿತದ್ದು ತೋಟದಲ್ಲಲ್ಲ, ಮಗಳನ್ನು ಕೊಟ್ಟ ಊರಾದ ರೋಣದಲ್ಲಿ. ಅಳಿಯಂದಿರು ಕೆಲವು ವರ್ಷ ಫಿನ್‌ಲೆಂಡಿನಲ್ಲಿದ್ದು ಬಂದವರು. ಅಲ್ಲಿ ಕಾಡಿನ ನಡುವೆಯೇ ಈ ಆಟದ ಮೈದಾನಗಳಿವೆ. 2025ರ ವಿಶ್ವ ಚಾಂಪಿಯನ್‌ಷಿಪ್ ಕೂಡ ಆ ದೇಶದಲ್ಲೇ ನಡೆಯಿತು. ರೋಣದಲ್ಲಿ ಕಾಡೆಲ್ಲಿ? ಕಡಲೆ, ಬಿಳಿಜೋಳ ಕಿತ್ತ ಮೇಲೆ ಕಣ್ಣು ಹಾಯುವವರೆಗೂ ಎರೆಹೊಲ. ಎಸೆತ ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಬೇರೆ ಬೇಕಿಲ್ಲ: ತಟ್ಟೆ ಎಲ್ಲಿ ಬಿದ್ದರೂ ಕಾಣುತ್ತದೆ. ಒಂದೇ ತೊಡಕು, ಬೇಸಗೆಯಲ್ಲಿ ಎರೆಮಣ್ಣು ಬಿರಿದಾಗ ಅಂಚಿನ ಮೇಲೆ ಬಿದ್ದ ಡಿಸ್ಕು ಬಿರುಕಿನೊಳಗೆ ಇಳಿದುಬಿಡುತ್ತದೆ. ಅಲ್ಲಿ ಕೈ ಹಾಕುವ ಮೊದಲು ಕೋಲು ಹಾಕಬೇಕು; ಚೇಳಿನ ಸೀಮೆ ಅದು.

ಅಲ್ಲಿಯ ಗುರು ಗಾಳಿ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ನನ್ನ ಡಿಸ್ಕು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಹೋಗುವುದನ್ನು ಬದುವಿನ ಮೇಲೆ ಕುಳಿತು ನೋಡುತ್ತಿದ್ದ ಬೀಗರು, ಈ ಆಟವನ್ನು ಎಂದೂ ಆಡದವರು, ಹೇಳಿದರು: “ಬೀಗರ, ಜ್ವಾಳ ತೂರುವಾಗ ಗಾಳಿ ನೋಡಂಗಿಲ್ಲೇನ್ರಿ? ಹಂಗ ನೋಡ್ರಿ, ಆಮ್ಯಾಲೆ ತಾಟು ಒಗೀರಿ.” ಹಿಡಿ ಮಣ್ಣೆತ್ತಿ ಮೇಲಿನಿಂದ ಬಿಟ್ಟು ತೋರಿಸಿದರು. ಎದುರು ಗಾಳಿಯಲ್ಲಿ ಡಿಸ್ಕಿಗೆ ವೇಗ ಹೆಚ್ಚಿದಂತಾಗಿ ಅದು ಬಲಕ್ಕೆ ವಾಲುತ್ತದೆ, ಮೂಗೆತ್ತಿದ್ದರೆ ಮೇಲೆ ಏರಿಬಿಡುತ್ತದೆ. ಆಗ ತೂಕದ ಡಿಸ್ಕನ್ನು ತಗ್ಗಾಗಿ, ಹೊರ ಅಂಚನ್ನು ತುಸು ಕೆಳಗಿಟ್ಟು ಎಸೆಯಬೇಕು. ಹಿಂಗಾಳಿಯಲ್ಲಿ ಎತ್ತುವ ಬಲ ಕಡಿಮೆಯಾಗಿ ಬೇಗ ಇಳಿಯುತ್ತದೆ. ಆಗ ಸ್ವಲ್ಪ ಎತ್ತರಿಸಿ ಎಸೆಯಬೇಕು. ಆಷಾಢದ ಗಾಳಿಯಲ್ಲಿ ಅಲ್ಲಿ ಆಟ ಬೇಡವೇ ಬೇಡ.

ನಿಯಮಗಳು ಸುಲಭ. ಎಸೆತಗಳನ್ನು ಎಣಿಸುವುದು, ಕಡಿಮೆ ಎಸೆತದಲ್ಲಿ ಎಲ್ಲ ಬುಟ್ಟಿಗಳನ್ನು ಮುಗಿಸಿದವನು ಗೆದ್ದ. ಡಿಸ್ಕು ಬಿದ್ದಲ್ಲಿ ಗುರುತಿಟ್ಟು ಅದರ ಹಿಂದಿನಿಂದ ಮುಂದಿನ ಎಸೆತ. ಬುಟ್ಟಿಯಿಂದ ಹೆಚ್ಚು ದೂರದಲ್ಲಿರುವವನದು ಮೊದಲ ಸರದಿ. ಬುಟ್ಟಿಯಿಂದ 10 ಮೀಟರ್ ಒಳಗಿದ್ದರೆ ಎಸೆದ ಮೇಲೂ ನಿಂತ ಕಾಲು ಸ್ಥಿರವಾಗಿರಬೇಕು, ಮುಂದೆ ಮುಗ್ಗರಿಸಬಾರದು. ಗಡಿಯಾಚೆ ಬಿದ್ದರೆ ಒಂದು ದಂಡದ ಎಸೆತ. ಕಳೆದ ಡಿಸ್ಕನ್ನು ಮೂರು ನಿಮಿಷ ಹುಡುಕಬಹುದು. ಡಿಸ್ಕು ಬುಟ್ಟಿಯ ನೆತ್ತಿಯ ಮೇಲೆ ಕುಳಿತರೆ ಲೆಕ್ಕಕ್ಕಿಲ್ಲ. ಮಕ್ಕಳ ಜಗಳಕ್ಕೆ ಮುಖ್ಯ ಕಾರಣ ಇದೇ.

ಈಗ ನಮ್ಮ ಮೂರು ಎಕರೆಯ ಮಾತು. ಮರ ಕಡಿಯುವ ಸೂಚನೆಗೆ ನನ್ನ ಸ್ಪಷ್ಟ ವಿರೋಧವಿದೆ. ಮರವಿಲ್ಲದಿದ್ದರೆ ಈ ಆಟಕ್ಕೆ ರುಚಿಯೇ ಇಲ್ಲ. ಎಡಕ್ಕೆ ಬಳಸಿ ಹೋಗಬೇಕೋ, ಎರಡು ಕಾಂಡಗಳ ನಡುವೆ ತಗ್ಗಾಗಿ ತೂರಿಸಬೇಕೋ ಎಂದು ಆಡುವವನನ್ನು ಯೋಚಿಸುವಂತೆ ಮಾಡುವುದೇ ಮರ. ರೋಣದವರು ಗಾಳಿಯಿಂದ ಕಲಿಯುವುದನ್ನು ನಾವು ಸಿಲ್ವರ್ ಓಕಿನಿಂದ ಕಲಿಯೋಣ. ಆದರೆ ಆಟವೇ ಬೇಡವೆಂಬ ಹಿರಿಯರ ಮಾತನ್ನೂ ನಾನು ಒಪ್ಪಲಾರೆ. ಭಾನುವಾರ ಊರಿಗೆ ಬರುವ ಮಕ್ಕಳು ಅಪ್ಪನ ಜೊತೆ ಮಾಡುವ ಕೆಲಸ ಈಗ ಏನುಳಿದಿದೆ? ಐವತ್ತು ದಾಟಿದವರಿಗೂ ಈ ಆಟ ಕಷ್ಟವಲ್ಲ. ಓಟವಿಲ್ಲ, ನಡಿಗೆ ಇದೆ.

ಕಟ್ಟುನಿಟ್ಟಾಗಿ ಪಾಲಿಸಬೇಕಾದದ್ದು ಒಂದಿದೆ. ಗಿಡಗಳಿರುವ ತೋಟದೊಳಗೆ ಆಡಕೂಡದು. ಹೂವಿನ ಕಾಲದಲ್ಲಿ ರೆಕ್ಕೆಗೆ ಬಡಿದ ಡಿಸ್ಕು ಆ ವರ್ಷದ ಫಸಲನ್ನೇ ಉದುರಿಸೀತು. ಅದಕ್ಕಿಂತ ಹೆಚ್ಚಾಗಿ, ಹಣ್ಣು ಕೊಯ್ಯುವ ಹೆಣ್ಣುಮಕ್ಕಳು ಗಿಡದ ಮರೆಯಲ್ಲಿರುತ್ತಾರೆ, ನಮಗೆ ಕಾಣುವುದಿಲ್ಲ. ಗಟ್ಟಿ ಅಂಚಿನ 170 ಗ್ರಾಂ ಪ್ಲಾಸ್ಟಿಕ್ ವೇಗವಾಗಿ ಬಂದು ಮುಖಕ್ಕೆ ಬಡಿದರೆ ಕಣ್ಣು ಹೋದೀತು. ಗೋದಾಮಿನ ಹಿಂದೆಯೂ ಲಾರಿ ತುಂಬುವ ದಿನ ಎಸೆತವಿಲ್ಲ. ಎದುರಿಗೆ ಜನ ಕಂಡರೆ ಕೈ ನಿಲ್ಲಬೇಕು. ಅವರು ದಾಟಿಹೋಗುವವರೆಗೆ ಕಾಯಬೇಕು.

ಖರ್ಚಿನ ಬಗ್ಗೆ: ಪ್ರತಿಯೊಬ್ಬರೂ ಡಿಸ್ಕು ಕೊಳ್ಳುವ ಅಗತ್ಯವಿಲ್ಲ. ದೇಶದ ಮೊದಲ ಕೃಷಿ ಸಹಕಾರಿ ಸಂಘ 1905ರಲ್ಲಿ ಹುಟ್ಟಿದ್ದು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, ಅಂದರೆ ನಮ್ಮ ಬೀಗರ ಸೀಮೆಯಲ್ಲಿ. ಹಂಚಿಕೊಂಡು ಬಳಸುವುದನ್ನು ಆ ಕಡೆಯವರಿಂದಲೇ ಕಲಿತಿದ್ದೇವೆ. ಬುಟ್ಟಿಗೂ ವಿದೇಶದ ಮಾಲು ಬೇಡ. ಕಬ್ಬಿಣದ ಕೊಳವೆ, ಸೊಂಟದೆತ್ತರದಲ್ಲಿ ಒಂದು ಬುಟ್ಟಿ, ಮೇಲೊಂದು ಬಳೆ, ಅದಕ್ಕೆ ದನದ ಹಳೆಯ ಸರಪಳಿ ಇಳಿಬಿಟ್ಟರೆ ನಮ್ಮ ಊರಿನ ವೆಲ್ಡಿಂಗ್ ಶಾಪಿನಲ್ಲೇ ಆಗುತ್ತದೆ. ಸರಪಳಿ ಒತ್ತೊತ್ತಾಗಿರಲಿ, ಬಿಗಿಯಾಗಿರುವುದು ಬೇಡ. ಬಿಗಿದರೆ ಡಿಸ್ಕು ಚಿಮ್ಮಿ ಹೊರಬರುತ್ತದೆ.

ಅಂಥ ಒಂದು ಬುಟ್ಟಿಯೂ ಅಳಿಯಂದಿರು ಕೊಟ್ಟ ನಾಲ್ಕು ಡಿಸ್ಕುಗಳೂ ಸದ್ಯ ಸಂಘದ ಕಚೇರಿಯಲ್ಲಿವೆ. ಗುಮಾಸ್ತರ ಬಳಿಯಿರುವ ವಹಿಯಲ್ಲಿ ಸಹಿ ಮಾಡಿ ಒಯ್ಯಬಹುದು; ಸೋಮವಾರ ಹತ್ತು ಗಂಟೆಯೊಳಗೆ ಮರಳಿಸಬೇಕು. ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಗೋದಾಮಿನ ಹಿಂದೆ ನಾನೇ ಇರುತ್ತೇನೆ. ಮರಗಳ ವಿಷಯದಲ್ಲಿ ಭಿನ್ನಾಭಿಪ್ರಾಯವಿರುವವರು ಆಡಳಿತ ಮಂಡಳಿ ಸಭೆಗೆ ಮುಂಚೆ ಅಲ್ಲಿಗೆ ಬಂದು, ಹತ್ತು ಎಸೆತ ಎಸೆದು, ಆಮೇಲೆ ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ.