ನಗುವುದಕ್ಕೂ ಪಾರ್ಟಿ ಕೇಳುವ ಕಾಲ!

ಹೊಣಕೆರೆ: ಬೆಳಗಿನ ಬಸ್ಸು ಬರುವ ಮುಂಚೆ ಕಾಫಿ ಅಂಗಡಿ ಮುಂದೆ ಪಾರ್ಲಿಮೆಂಟು ಸೇರುವುದು ಈ ಸೀಮೆಯ ಹಳೇ ರೂಢಿ. ಹೇಮಾವತಿ ನೀರು, ರಾಗಿ ರೇಟು, ಮಂತ್ರಿಗಿರಿ, ಎಲ್ಲಕ್ಕೂ ಅಲ್ಲೇ ತೀರ್ಪು. ಮಾತು ಎಷ್ಟೇ ಕಾವೇರಲಿ, ಹಿರಿಯರೊಬ್ಬರು "ಬುಡ್ಲಾ ಅತ್ಲಾಗೆ, ಯಾರ್ ಗೆದ್ರೂ ನಮ್ ಹೊಲ ಉಳೋರು ನಾವೇಯ" ಎಂದರೆ ಮುಗಿಯಿತು. ಎರಡೂ ಕಡೆಯವರು ನಕ್ಕು ಒಂದೇ ಬಸ್ಸು ಹತ್ತುತ್ತಿದ್ದರು.

ಈಗ? ತಮಾಷೆ ಮಾಡಿದವನಿಗೆ ಬೀಳುವ ಮೊದಲ ಪ್ರಶ್ನೆ, "ನೀನ್ ಯಾವ್ ಪಾರ್ಟಿಯೋನ್ಲಾ?" ಆಮೇಲೆ ನಗಬೇಕೋ ಬೇಡವೋ ಎಂಬ ತೀರ್ಮಾನ!

ಈ ಪ್ರಶ್ನೆಗೆ ರಂಗದ ಮೇಲೆ ನಿಂತೇ ಉತ್ತರ ಕೊಟ್ಟವರು ಮಾಸ್ಟರ್ ಹಿರಣ್ಣಯ್ಯ. 1934ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು, ತಂದೆ ಕೆ. ಹಿರಣ್ಣಯ್ಯನವರು ಕಟ್ಟಿದ ಮಿತ್ರಮಂಡಳಿಯನ್ನು ಹೆಗಲಿಗೇರಿಸಿಕೊಂಡು ಊರೂರು ಸುತ್ತಿದರು. ಅವರ 'ಲಂಚಾವತಾರ' ಸಾವಿರಾರು ಪ್ರಯೋಗ ಕಂಡಿತು. ಅಂದಂದಿನ ಸುದ್ದಿ ಅಂದಂದೇ ಅವರ ಮಾತಿನಲ್ಲಿ ನುಸುಳುತ್ತಿತ್ತು. ಮಂತ್ರಿ ಮಹಾಶಯರು ಮುಂದಿನ ಸಾಲಿನಲ್ಲಿ ಕೂತಿದ್ದರೆ ಇನ್ನೂ ಖಾರ!

ಅವರ ಲೆಕ್ಕ ಸರಳ. ಲಂಚಕ್ಕೆ ಪಕ್ಷವಿಲ್ಲ; ಹಾಗಾಗಿ ಲಂಚವನ್ನು ಬೈಯುವವನಿಗೂ ಪಕ್ಷವಿರಬಾರದು. ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದು. ಪುಢಾರಿಗಳಿಗೆ ಬೈದು ಚಪ್ಪಾಳೆ ಗಿಟ್ಟಿಸಿದ ಮನುಷ್ಯ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ತಿರುಗಿ ಸಭಿಕರನ್ನೇ ಹಿಡಿಯುತ್ತಿದ್ದರು. ಕೊಡುವ ಕೈ ಇಲ್ಲದೆ ತಗೊಳ್ಳುವ ಕೈ ಎಲ್ಲಿಂದ ಬಂತು, ಓಟು ಹಾಕಿದವರು ಯಾರು ಎಂಬ ಮಾತಿಗೆ ಜನ ತಲೆ ತಗ್ಗಿಸಿಯೂ ನಗುತ್ತಿದ್ದರು. ನಕ್ಕವನಿಗೂ ಒಂದು ಏಟು ಇತ್ತು. ಅದಕ್ಕೇ ಯಾರೂ ಅದನ್ನು ಎದುರು ಪಾರ್ಟಿಯ ಕುತಂತ್ರ ಎನ್ನಲು ಬರುತ್ತಿರಲಿಲ್ಲ.

2019ರ ಮೇ 2ರಂದು ಹಿರಣ್ಣಯ್ಯನವರು ತೀರಿಕೊಂಡರು. ಅದೇ ವರ್ಷ ಮಂಡ್ಯ ಜಿಲ್ಲೆ ಬೇರೊಂದು ಬಗೆಯ ಹಾಸ್ಯವನ್ನು ಕಂಡಿತು.

"ನಿಖಿಲ್ ಎಲ್ಲಿದ್ದೀಯಪ್ಪಾ?" ಮಗನ ಮೊದಲ ಚಿತ್ರ 'ಜಾಗ್ವಾರ್' ಸಮಾರಂಭದಲ್ಲಿ ಎಚ್.ಡಿ. ಕುಮಾರಸ್ವಾಮಿ ಕರೆದ ಈ ಕರೆ 2019ರ ಲೋಕಸಭಾ ಚುನಾವಣೆ ಹೊತ್ತಿಗೆ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಒಂದು ಕಡೆಯವರಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಇನ್ನೊಂದು ಕಡೆಯವರಿಗೆ ಎದೆಗೆ ಇರಿತ. ಸುಮಲತಾ ಅಂಬರೀಶ್ ಪಕ್ಷೇತರರಾಗಿ ನಿಂತು 1,25,876 ಮತಗಳಿಂದ ನಿಖಿಲ್ ಅವರನ್ನು ಸೋಲಿಸಿದರು. ನಾಗಮಂಗಲ, ಮೇಲುಕೋಟೆ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣ ಎಲ್ಲವೂ ಆ ಕ್ಷೇತ್ರದೊಳಗೇ ಇವೆ. ಒಂದೇ ಜಗಲಿಯ ಮೇಲೆ ಎರಡು ಗುಂಪಾಗದ ಹಳ್ಳಿ ಹುಡುಕುವುದು ಕಷ್ಟವಿತ್ತು.

ಮುಂದೆ ನಡೆದದ್ದೇ ನಿಜವಾದ ನಾಟಕ! 2024ರ ಏಪ್ರಿಲ್‌ನಲ್ಲಿ ಸುಮಲತಾ ಬಿಜೆಪಿ ಸೇರಿದರು. ಬಿಜೆಪಿ ಜೊತೆ ಮೈತ್ರಿ ಮಾಡಿಕೊಂಡ ಜೆಡಿಎಸ್‌ನಿಂದ ಕುಮಾರಸ್ವಾಮಿಯವರೇ ಮಂಡ್ಯದಲ್ಲಿ ನಿಂತು ಗೆದ್ದರು. 2019ರಲ್ಲಿ ನಿಖಿಲ್‌ಗೆ ಬೆಂಬಲ ಘೋಷಿಸಿದ್ದ ಕಾಂಗ್ರೆಸ್ ಈಗ ಎದುರಾಳಿ. ಅಂದು ಎದುರುಬದುರಾಗಿದ್ದ ದೊಡ್ಡವರು ಐದು ವರ್ಷದಲ್ಲಿ ಜಾಗ ಬದಲಾಯಿಸಿ ಕೂತರು. ಅದು ಅವರವರ ರಾಜಕಾರಣ, ತಪ್ಪೆನ್ನಲಾಗದು.

ಆದರೆ ಇವರ ಸಲುವಾಗಿ ಮಾತು ಬಿಟ್ಟ ಅಣ್ಣತಮ್ಮಂದಿರ ಗತಿ? ಪಾರ್ಟಿ ನೋಡಿ ಸಾಮಾನು ಕೊಳ್ಳುವ ಅಂಗಡಿಯನ್ನೇ ಬದಲಾಯಿಸಿದವರು? ಮದುವೆ ಕರೆಯೋಲೆ ಕೊಡದೇ ಹೋದ ಬೀಗರು? ಅವರಿಗೆ ಮೈತ್ರಿ ಮಾಡಿಸಲು ಯಾವ ಹೈಕಮಾಂಡೂ ಬರುವುದಿಲ್ಲ.

ಹಿರಣ್ಣಯ್ಯನವರ ನಗೆಗೂ ಮೊಬೈಲಿನ ನಗೆಗೂ ಇರುವ ವ್ಯತ್ಯಾಸ ಇಷ್ಟೇ. ಅವರ ನಾಟಕಕ್ಕೆ ಎಲ್ಲ ಪಾರ್ಟಿಯವರೂ ಟಿಕೇಟು ಕೊಂಡು ಒಂದೇ ಚಪ್ಪರದಡಿ ಕೂರುತ್ತಿದ್ದರು. ಪಕ್ಕದವನು ನಗುವುದು ಕಾಣುತ್ತಿತ್ತು, ಅವನಿಗೆ ನೋವಾದದ್ದೂ ಕಾಣುತ್ತಿತ್ತು. ಮೊಬೈಲಿನಲ್ಲಿ ನಗುವವನು ಒಬ್ಬನೇ. ನೊಂದವನ ಮುಖ ಅಲ್ಲಿ ಕಾಣುವುದಿಲ್ಲ.

ಮುಂದಿನ ಎಲೆಕ್ಷನ್ ಬರುತ್ತದೆ, ಜೋಕುಗಳೂ ಬರುತ್ತವೆ. ಬರಲಿ. ಬೇರೆಯವರ ಪಾರ್ಟಿ ಮೇಲೊಂದು ಹೇಳಿದ ಮೇಲೆ ತನ್ನ ಪಾರ್ಟಿ ಮೇಲೂ ಒಂದು ಹೇಳಿದರೆ ಕಾಫಿ ಅಂಗಡಿ ಪಾರ್ಲಿಮೆಂಟು ಉಳಿದೀತು. ಬಸ್ಸು ಬಂದಾಗ ಎಲ್ಲರೂ ಹತ್ತಬೇಕಾದ್ದು ಅದೇ ಬಸ್ಸನ್ನೇ ತಾನೆ!